ಮುಖಪುಟದ ಮೇಲೆ ಒಂದೇ ಹೆಸರು

“ಇದು ಆನೆನಾ? ಗೋಣಿಚೀಲಕ್ಕೆ ಬಾಲ ಹೊಲಿದ ಹಾಗಿದೆಯಲ್ರೀ!”

ಚುಕ್ಕಿಯ ಮುಖ ಕೆಂಪೇರಿತು. ಎಂಟು ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಅವಳಿಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ. ಅದೂ ಪ್ರಕಾಶನದ ಕಚೇರಿಯಲ್ಲಿ, ಸಂಪಾದಕಿ ಮೇಡಂ ಎದುರಿಗೇ!

“ನಿಮಗೆ ಕಾಣ್ಸಲ್ಲ ಅಂತ...” ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಎದುರಿಗೆ ಕೂತಿದ್ದವನು ಕಣ್ಣು ಕಾಣದ ಮಕ್ಕಳ ಶಾಲೆಯ ಮೇಷ್ಟ್ರು. ಅವನಿಗೂ ಹುಟ್ಟಿನಿಂದ ದೃಷ್ಟಿಯಿಲ್ಲ. ಬಟ್ಟೆಯ ಪುಟದ ಮೇಲಿಂದ ಬೆರಳು ತೆಗೆಯದೆ ಅವನು ನಕ್ಕ.

“ಕಾಣ್ಸಲ್ಲ ಅಂತಾನೇ ನನ್ನನ್ನ ಕರೆಸಿರೋದು ಕಣ್ರೀ. ಹೊಗಳೋಕೆ ಕಾಣೋರು ಬೇಕಾದಷ್ಟು ಜನ ಇದಾರೆ.”

ಸಿಟ್ಟು, ಭಯ, ಹೊಟ್ಟೆಕಿಚ್ಚು, ಒಂಟಿತನ... ಮಕ್ಕಳ ಮನಸ್ಸಿನೊಳಗಿನ ಇಂಥ ಭಾವನೆಗಳ ಮೇಲೊಂದು ಪುಸ್ತಕ. ಕಾಣುವ ಮಗು, ಕಾಣದ ಮಗು ಇಬ್ಬರೂ ಒಟ್ಟಿಗೆ ಕೂತು ಓದಬೇಕು. ಮಾತುಗಳು ಮೇಷ್ಟ್ರದು. ಬೆರಳಿಗೆ ಸಿಗುವಂತೆ ಬಟ್ಟೆಯ ಮೇಲೆ ಹೊಲಿದ ಚಿತ್ರಗಳು ಚುಕ್ಕಿಯವು.

ಎಷ್ಟು ಜಂಭ ಈ ಮನುಷ್ಯನಿಗೆ! ದಾರಿಯುದ್ದಕ್ಕೂ ಗೊಣಗುತ್ತಾ ಅವಳು ಮನೆಗೆ ಬಂದಳು. ಅಮ್ಮನ ಹೊಲಿಗೆ ಅಂಗಡಿಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದ ಚಿಂದಿಯನ್ನು ಹರವಿಕೊಂಡು ಕೂತಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತನ್ನದೇ ಆನೆಯನ್ನು ಸವರಿದಳು.

ಅಯ್ಯೋ... ನಿಜವಾಗಲೂ ಗೋಣಿಚೀಲವೇ!

ಮರುದಿನ ಮತ್ತೆ ಕಚೇರಿಗೆ ಹೋಗಿ, “ಮೇಷ್ಟ್ರೇ, ನೀವು ಹೇಳಿದ್ದು ಸರಿ” ಎಂದಳು.

“ಗೊತ್ತು” ಎಂದ ಅವನು. ತಕ್ಷಣ, “ಆದ್ರೆ ಒಪ್ಕೊಳ್ಳೋಕೆ ವಾಪಸ್ ಬರ್ತೀರಿ ಅಂತ ಗೊತ್ತಿರ್ಲಿಲ್ಲ” ಎಂದು ಮೆತ್ತಗೆ ಸೇರಿಸಿದ.

ಆಮೇಲೆ ನಾಲ್ಕು ತಿಂಗಳು ಅವರದು ಒಂದೇ ಮೇಜು, ದಿನಕ್ಕೆರಡು ಜಗಳ. ಸಿಟ್ಟಿಗೆ ಸೆಣಬಿನ ಒರಟು ಹಗ್ಗ ಬಂತು. ಭಯಕ್ಕೆ ಏನೂ ಒಗ್ಗಲಿಲ್ಲ. ಆರು ಸಲ ಹೊಲಿದು ಆರು ಸಲ ಬಿಚ್ಚಿದಳು. ಏಳನೇ ಸಲ, ಸಡಿಲ ಚೀಲವೊಂದರೊಳಗೆ ಕುಣಿಯುವ ಮಣಿಗಳನ್ನು ತುಂಬಿಟ್ಟಾಗ ಅವನು ಒಪ್ಪಿದ. ಹೊಲಿಯುತ್ತಾ ಹೊಲಿಯುತ್ತಾ ಬ್ರೈಲ್ ಅಕ್ಷರಗಳನ್ನೂ ಕಲಿತಳು.

ಒಂಟಿತನದ ಪುಟದಲ್ಲಿ ಅವಳು ಚಿತ್ರವನ್ನೇ ಹೊಲಿಯಲಿಲ್ಲ. ನುಣುಪಾದ ದೊಡ್ಡ ಬಟ್ಟೆ, ಮೂಲೆಯಲ್ಲಿ ಒಂದೇ ಒಂದು ಗುಂಡಿ. ಅವನ ಬೆರಳು ಖಾಲಿ ಬಟ್ಟೆಯ ಮೇಲೆ ಹುಡುಕಿ ಹುಡುಕಿ, ಕೊನೆಗೆ ಆ ಗುಂಡಿಯ ಮೇಲೆ ನಿಂತಿತು.

ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಅವನು ಮಾತು ಶುರುಮಾಡಿದ.

“ಚಿಕ್ಕವನಿದ್ದಾಗ ಬೀದೀಲಿ ಎಲ್ರೂ ಆಡ್ತಿದ್ರು. ‘ನೀನು ಇಲ್ಲೇ ಕೂತಿರೋ’ ಅಂತ ಮೆಟ್ಟಿಲ ಮೇಲೆ ಕೂರಿಸ್ತಿದ್ರು” ಎಂದ. “ಆ ಮೆಟ್ಟಿಲು ನಿಮಗೆ ಹೇಗ್ರೀ ಗೊತ್ತಾಯ್ತು?”

ಆ ಕ್ಷಣಕ್ಕೇ ಚುಕ್ಕಿಯ ಮನಸ್ಸು ಅವನತ್ತ ವಾಲಿಬಿಟ್ಟಿತ್ತು!

ಪುಸ್ತಕ ಮುಗಿದ ದಿನ, ಇವತ್ತಾದರೂ ಹೇಳಿಬಿಡಬೇಕೆಂದು ಹೊರಟಳು. ಸಂಪಾದಕಿಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಅವನ ದನಿ.

“ಬೇಡ ಮೇಡಂ. ಅವರ ಹೆಸರಿನ ಪಕ್ಕ ನನ್ನ ಹೆಸರು ಇರೋದು ಬೇಡವೇ ಬೇಡ!”

ಚುಕ್ಕಿ ಹೊಸ್ತಿಲಲ್ಲೇ ನಿಂತಳು. ಜೊತೆಗೆ ಹೆಸರು ಬರುವಷ್ಟು ಯೋಗ್ಯತೆಯೂ ನನಗಿಲ್ಲವೇ? ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು. ಅವನು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಮೂರು ವಾರ ಕಳೆದು, ಅವನ ಶಾಲೆಯ ಸಭಾಂಗಣದಲ್ಲಿ ಪುಸ್ತಕದ ಬಿಡುಗಡೆ.

“ನಾನು ಬರಲ್ಲಮ್ಮ.”

“ಮುಚ್ಚು ಬಾಯಿ! ಇನ್ನೂರು ಪ್ರತಿಗೆ ಒಳಪುಟ ಹೊಲಿದು ನನ್ನ ಅಂಗಡಿ ಹುಡುಗೀರ ಬೆರಳೆಲ್ಲಾ ತೂತಾಗಿವೆ. ಆ ಮೇಷ್ಟ್ರ ಮೇಲಿನ ಸಿಟ್ಟಿಗೆ ಮಕ್ಕಳ ಖುಷಿ ಬಿಡ್ತೀಯಾ?” ಅಮ್ಮ ಕೈ ಹಿಡಿದು ಎಳೆದುಕೊಂಡೇ ಹೋದಳು.

ಸಭಾಂಗಣದ ಚಾಪೆಯ ಮೇಲೆ ಇಬ್ಬಿಬ್ಬರು ಮಕ್ಕಳು ಒಂದೊಂದು ಪುಸ್ತಕ ಹಿಡಿದು ಕೂತಿದ್ದರು. ಕಣ್ಣು ಕಾಣದ ಪುಟ್ಟಿಯೊಬ್ಬಳು, ಪಕ್ಕದ ಶಾಲೆಯಿಂದ ಬಂದಿದ್ದ ಗೆಳತಿಯನ್ನು ಗದರುತ್ತಿದ್ದಳು. “ನೋಡ್ಬೇಡ ಕಣೇ, ಮುಟ್ಟು! ಈಗ ಗೊತ್ತಾಯ್ತಾ, ಹೊಟ್ಟೇಲಿ ಭಯ ಹೇಗೆ ಕುಣಿಯುತ್ತೆ ಅಂತ?”

ಚುಕ್ಕಿಯ ಎದೆ ಉಬ್ಬಿತು. ಇದು ನನ್ನ ಕೈ ಕೆಲಸ... ನಮ್ಮ ಕೆಲಸ!

ಆಗ ಸಂಪಾದಕಿ ಅವಳ ಕೈಗೊಂದು ಪುಸ್ತಕ ಕೊಟ್ಟರು. ಮುಖಪುಟ ನೋಡಿದಳು. ಬ್ರೈಲ್ ಚುಕ್ಕೆಗಳನ್ನು ಸವರಿದಳು. ಮತ್ತೊಮ್ಮೆ ಸವರಿದಳು.

ಅಲ್ಲಿದ್ದದ್ದು ಒಂದೇ ಹೆಸರು. ಅವಳದು!

“ಮೇಷ್ಟ್ರೇ, ಏನಿದು?” ಗೋಡೆಯ ಪಕ್ಕ ನಿಂತಿದ್ದ ಅವನ ಬಳಿ ಓಡಿದಳು.

ಅವಳ ದನಿ ಕೇಳಿದ್ದೇ ಅವನ ಮುಖ ಅರಳಿತು. “ಬಂದ್ರಾ! ಅಲ್ಲ ಕಣ್ರೀ, ನನ್ನ ಹೆಸರು ಇದ್ದಿದ್ರೆ ಜನ ಏನಂತಾರೆ? ‘ಅಯ್ಯೋ ಪಾಪ, ಕಣ್ಣಿಲ್ಲದೋನು ಎಷ್ಟು ಚೆನ್ನಾಗಿ ಮಾಡಿದಾನೆ’ ಅಂತ. ಆ ‘ಪಾಪ’ದ ಕೆಳಗೆ ನಿಮ್ಮ ಕೆಲಸ ಮುಚ್ಚಿಹೋಗೋದು ನಂಗಿಷ್ಟ ಇರ್ಲಿಲ್ಲ.”

ಅಂದರೆ ಅಂದು ಅವನು ಹೇಳಿದ್ದು... ಚುಕ್ಕಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

“ಪಾಪ ಅನ್ನೋರಿಗೆ ಹೆದರಿ ನೀವೇ ಮರೆಗೆ ಸರಿದ್ರಾ? ಇಷ್ಟು ಮಕ್ಕಳಿಗೆ ತಲೆ ಎತ್ತಿ ನಿಲ್ಲಿ ಅಂತ ಬರೆದೋರು ನೀವಲ್ವಾ?”

ಚುಕ್ಕಿ ನೇರ ವೇದಿಕೆ ಹತ್ತಿ ಮೈಕ್ ಹಿಡಿದಳು.

“ಈ ಪುಸ್ತಕದ ಒಂದೊಂದು ಮಾತೂ ನಿಮ್ಮ ಮೇಷ್ಟ್ರದು. ಅವರ ಹೆಸರಿಲ್ಲದೆ ಇದು ಅರ್ಧ ಪುಸ್ತಕ. ಮುಂದಿನ ಮುದ್ರಣದಲ್ಲಿ ಎರಡೂ ಹೆಸರು ಇರುತ್ತೆ. ಇರದಿದ್ರೆ ನಾನು ಸೂಜಿ ಮುಟ್ಟಲ್ಲ!”

“ನಮ್ಮ ಮೇಷ್ಟ್ರು!” ಪುಟ್ಟಿ ಕೂಗಿದಳು. ಮಕ್ಕಳ ಚಪ್ಪಾಳೆಗೆ ಸೂರು ಹಾರುವುದೊಂದು ಬಾಕಿ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, “ನನ್ನ ಮಗಳು!” ಎಂದು ಪಕ್ಕದವರಿಗೆಲ್ಲಾ ಹೇಳುತ್ತಿದ್ದಳು. ಮೇಷ್ಟ್ರು ಗೋಡೆ ಬಿಟ್ಟು ಬಂದು, ತಲೆಯೆತ್ತಿ ಎಲ್ಲರ ನಡುವೆ ನಿಂತ.

ಎಲ್ಲರೂ ಹೋದ ಮೇಲೆ ಇಬ್ಬರೇ ಉಳಿದರು.

“ಚುಕ್ಕಿ...” ಮೊದಲ ಸಲ ಅವನು ಹೆಸರು ಹಿಡಿದು ಕರೆದ. “ಎರಡೂ ಹೆಸರು ಜೊತೇಲಿರ್ಬೇಕು ಅಂದ್ಯಲ್ಲ... ಪುಸ್ತಕದ ಮೇಲೆ ಮಾತ್ರಾನಾ?”

“ಇನ್ನೆಲ್ಲಿ ಬೇಕು?”

“ಮನೆ ಬಾಗಿಲ ಮೇಲೆ. ನೀನಂದ್ರೆ ನಂಗೆ ತುಂಬಾ ಇಷ್ಟ ಕಣೇ. ನೀನು ಬರದೇ ಇದ್ದ ಮೂರು ವಾರ, ಜಗಳ ಆಡೋಕೂ ಯಾರೂ ಇಲ್ದೆ ಸತ್ತುಹೋದೆ.”

ಅವಳು ಅವನ ಕೈ ಹಿಡಿದುಕೊಂಡಳು. “ನಂಗೂ ಅಷ್ಟೇ. ಸರಿ, ಬಾಗಿಲ ಮೇಲೆ ಯಾರ ಹೆಸರು ಮೊದಲು?”

“ನಿಂದೇ.”

“ಇಲ್ಲ, ನಿಮ್ದು!”

“ನೋಡು, ಶುರುವಾಯ್ತು” ಎಂದು ನಕ್ಕ ಅವನು, ಹಿಡಿದ ಕೈಯನ್ನು ಬಿಡದೆ.