ಅಪ್ಪಾಜಿ ತೆರೆದ ಹಾಸ್ಟೆಲ್

ಢಣ್! ಢಣ್! ಢಣ್!

"ಏಳೇ ಮಂಗಳಿ, ಯಾರ ಮನೆಗೋ ಬೆಂಕಿ ಬಿದ್ದೈತೆ!" ಕಲ್ಲಮ್ಮಜ್ಜಿ ಗಾಬರಿಯಿಂದ ಎದ್ದು ಕುಳಿತಳು.

ಬೆಂಕಿ ಎಲ್ಲೂ ಬಿದ್ದಿರಲಿಲ್ಲ. ಬಾಗಿಲಲ್ಲಿ ಅಪ್ಪಾಜಿ ನಿಂತಿದ್ದರು. ಒಂದು ಕೈಯಲ್ಲಿ ತಮ್ಮ ಪಾತ್ರೆ ಅಂಗಡಿಯಿಂದ ತಂದ ನೆಗ್ಗಿದ ಹಿತ್ತಾಳೆ ತಟ್ಟೆ, ಇನ್ನೊಂದು ಕೈಯಲ್ಲಿ ಸೌಟು.

"ಅಪ್ಪಾಜಿ, ಇನ್ನೂ ಕತ್ತಲೈತೆ," ಎಂದಳು ಮಂಗಳಿ ಕಣ್ಣುಜ್ಜಿಕೊಳ್ಳುತ್ತ.

"ಅಪ್ಪಾಜಿ ಅನ್ನಂಗಿಲ್ಲ, ಸಾರ್ ಅನ್ನಬೇಕು. ಈ ರೂಮಿನಾಗೆ ನಾನು ವಾರ್ಡನ್. ಏಳು, ಬೆಲ್ ಆಯ್ತು."

ಮಂಗಳಿಗೆ ಆಗ ನೆನಪಾಯಿತು. ಇವತ್ತಿನಿಂದ ಅವಳು ಹಾಸ್ಟೆಲ್‌ನಲ್ಲಿದ್ದಾಳೆ.

ಇದಕ್ಕೆಲ್ಲ ಕಾರಣ ಜಗಳೂರಿನ ಕಲ್ಲೇಶಪ್ಪ ಮಾವ. ಅಮ್ಮನ ಅಣ್ಣ. ಹಿಂದಿನ ದಿನ ಚನ್ನಗಿರಿಗೆ ಬಂದವರು ಊಟಕ್ಕೆ ಕುಳಿತು ಮಗನ ಕತೆ ತೆಗೆದಿದ್ದರು. ಮಗ ರೇವಣಸಿದ್ದ ಹೊಸ ಬೆಲ್‌ಬಾಟಮ್ ಪ್ಯಾಂಟು ಹೊಲಿಸಿಕೊಂಡು ದಾವಣಗೆರೆ ಕಾಲೇಜಿಗೆ ಸೇರಿದ್ದ.

"ಓದಿನಾಗೆ ಹುಡುಗ ಬಾಳ ಹುಷಾರು ಷಣ್ಮುಖಪ್ಪ. ಆದ್ರೆ ಹಾಸ್ಟೆಲ್‌ನಾಗೆ ಇರಾಕೆ ಆಗ್ಲಿಲ್ಲ ನೋಡು. ಒಂದೇ ವಾರಕ್ಕೆ ಟ್ರಂಕು ಹೊತ್ಕಂಡು ವಾಪಸ್ ಬಂದ. ಈಗ ಅವರಮ್ಮನ ಸೆರಗು ಬಿಡ್ತಾ ಇಲ್ಲ."

"ಅಯ್ಯೋ, ಹಂಗಾಯ್ತಾ ಭಾವ?" ಎಂದರು ಅಪ್ಪಾಜಿ.

"ಅದಕ್ಕೇ ಹೇಳ್ತೀನಿ ಕೇಳು. ಓದ್ಸಾದು ದೊಡ್ದಲ್ಲ. ಮನೆ ಬಿಟ್ಟಿರಾದನ್ನ ಸಣ್ಣವರಿದ್ದಾಗ್ಲೇ ಕಲಿಸ್ಬೇಕು. ನಾನು ತಡ ಮಾಡ್ದೆ, ನೀನು ಮಾಡಬ್ಯಾಡ."

ಅಪ್ಪಾಜಿ ಕೈಯಲ್ಲಿದ್ದ ರೊಟ್ಟಿ ಮರೆತು ಮಂಗಳಿಯ ಕಡೆ ನೋಡಿದರು. ಅವಳು ಬೆಕ್ಕಿನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

"ಏನ್ರೀ, ಅವಳಿನ್ನೂ ಐದನೇ ಕ್ಲಾಸು," ಎಂದಳು ಅಮ್ಮ.

ಅಪ್ಪಾಜಿಗೆ ಅದು ಕೇಳಿಸಲೇ ಇಲ್ಲ. ಸಂಜೆಯೊಳಗೆ ಪಡಸಾಲೆ ಪಕ್ಕದ ಕೋಣೆ ಹಾಸ್ಟೆಲ್ ಆಯಿತು. ಅಲ್ಲಿ ಅಜ್ಜಿ ಮೊದಲಿನಿಂದಲೂ ಮಲಗುತ್ತಿದ್ದಳು. ಅಪ್ಪಾಜಿ ತಲೆ ಕೆರೆದುಕೊಂಡು ಯೋಚಿಸಿದರು.

"ಹಾಸ್ಟೆಲ್ ಅಂದ್ಮೇಲೆ ರೂಮ್‌ಮೇಟ್ ಇರ್ತಾರೆ. ಅವ್ವಾ, ನೀನೇ ರೂಮ್‌ಮೇಟ್."

"ಆಗ್ಲಪ್ಪ. ಅದಕ್ಕೆ ನಾನೇನು ಮಾಡ್ಬೇಕು?"

"ಏನೂ ಮಾಡಂಗಿಲ್ಲ. ಸುಮ್ನೆ ಇದ್ರೆ ಸಾಕು."

"ಈಗ್ಲೂ ಅದನ್ನೇ ಮಾಡ್ತಿದ್ನಲ್ಲೋ," ಎಂದಳು ಅಜ್ಜಿ.

ಅಮ್ಮ ಆ ಕೋಣೆಗೆ ಬರುವ ಹಾಗಿಲ್ಲ, ಮಂಗಳಿ ಅಡುಗೆಮನೆಗೆ ಹೋಗುವ ಹಾಗಿಲ್ಲ. ಊಟದ ಹೊತ್ತಿಗೆ ಮಂಗಳಿ, ಅಜ್ಜಿ ಇಬ್ಬರೂ ತಟ್ಟೆ ಹಿಡಿದು ಅಡುಗೆಮನೆ ಹೊಸ್ತಿಲ ಹೊರಗೆ ಸಾಲಾಗಿ ನಿಲ್ಲಬೇಕು. ಮೊದಲ ದಿನ ಅಪ್ಪಾಜಿ ಸಾರಿನ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇಷ್ಟು ಗಟ್ಟಿ ಸಾರು ಯಾವ ಹಾಸ್ಟೆಲ್‌ನಾಗೂ ಇರಲ್ಲ. ನೀರಾಗಿರ್ಬೇಕು."

"ಅದೆಲ್ಲ ನನ್ನ ಕೈಯಿಂದ ಆಗಲ್ಲ," ಅಮ್ಮ ಸೌಟು ಕೆಳಗಿಟ್ಟಳು. "ಬೇಕಾದ್ರೆ ನೀವೇ ಕೆಡಿಸ್ಕಳ್ರಿ."

ಅಪ್ಪಾಜಿ ಒಂದು ಚೊಂಬು ನೀರು ಸುರಿದರು. ಆಮೇಲೆ ಅದೇ ಸಾರು ಅವರ ತಟ್ಟೆಗೂ ಬಂತು. ಅನ್ನ ಅದರಲ್ಲಿ ಈಜಾಡಿತು. ಅವರು ಮುಖ ಹಿಂಡಿಕೊಂಡೇ, "ಚೆನ್ನಾಗೈತೆ," ಎಂದು ಉಂಡರು.

ಮೊದಮೊದಲು ಮಂಗಳಿಗೆ ಇದೆಲ್ಲ ಮಜಾ ಅನ್ನಿಸಿತು. ತಾನೇ ಜಡೆ ಹಾಕಿಕೊಂಡಳು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕತ್ತಿನ ಹತ್ತಿರ. ಶಾಲೆಯಲ್ಲಿ ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಅವಳನ್ನು ನೋಡಲು ತಮ್ಮ ತಲೆಯನ್ನೇ ವಾಲಿಸಿದರು.

ಒಂದು ಸಂಜೆ ಮಂಗಳಿ ಲೆಕ್ಕ ಮಾಡುತ್ತಿದ್ದಳು. ಗೋಡೆಯ ಆಚೆ ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದು, ಜೊತೆಗೆ ಬಳೆಯ ಸದ್ದು. ಕೇಳುತ್ತ ಕೇಳುತ್ತ ಮಂಗಳಿಯ ಕಣ್ಣು ತುಂಬಿಬಂತು.

"ಯಾಕೆ ಅಳ್ತೀಯೇ?" ಅಜ್ಜಿ ಕೇಳಿದಳು.

"ಅಮ್ಮನ ನೆನಪಾಗ್ತೈತೆ."

"ಅಲ್ಲೇ ಅದಾಳಲ್ಲೇ, ಗೋಡೆ ಆಚೆಗೆ!"

"ಗೊತ್ತು ಅಜ್ಜಿ. ಆದ್ರೂ ನೆನಪಾಗ್ತೈತೆ."

ಅಜ್ಜಿ ಅವಳನ್ನು ಹತ್ತಿರ ಎಳೆದುಕೊಂಡಳು. "ಸುಮ್ನಿರು. ಭಾನುವಾರ ನೋಡಾಕೆ ಬಿಡ್ತಾರಂತೆ."

ಭಾನುವಾರ ಬಂತು. ಅಮ್ಮ ಅಡುಗೆಮನೆಯಿಂದ ನೇರ ಕೋಣೆಗೆ ಕಾಲಿಡಲು ಹೋದಾಗ ಅಪ್ಪಾಜಿ ಕೈ ಅಡ್ಡ ಹಿಡಿದರು.

"ಹಂಗೆ ಬರಂಗಿಲ್ಲ. ಬೇರೆ ಊರಿಂದ ಬಂದಂಗೆ ಬರ್ಬೇಕು."

ಅಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಮದುವೆಮನೆಗೆ ಉಡುವ ಸೀರೆ ಉಟ್ಟಳು. ಚಕ್ಕುಲಿ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಹಿತ್ತಿಲ ಬಾಗಿಲಿನಿಂದ ಹೊರಟು ಬೀದಿ ಸುತ್ತಿಕೊಂಡು ಬಂದಳು.

ಪಕ್ಕದ ಮನೆಯ ಸಾವಂತ್ರಮ್ಮ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. "ಏನ್ ಶಾಂತಾದೇವಿ, ರೆಡಿಯಾಗಿ ಎಲ್ಲಿಗೆ ಹೊಂಟ್ರಿ?"

"ಮಗಳನ್ನ ನೋಡಾಕೆ."

"ಎಲ್ಲದಾಳೆ ಮಗಳು?"

"ಮನೆಯಾಗೆ."

ಸಾವಂತ್ರಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

ಅಮ್ಮನನ್ನು ಕಂಡದ್ದೇ ಮಂಗಳಿ ಓಡಿಬಂದು ಸೊಂಟ ಹಿಡಿದುಕೊಂಡಳು. ನಗಬೇಕೆಂದು ಬಂದಿದ್ದ ಅಮ್ಮನಿಗೆ ಅಳು ಬಂತು. ಅಜ್ಜಿಗೂ ಬಂತು. ಮೂವರೂ ಚಾಪೆಯ ಮೇಲೆ ಕುಳಿತು, ಮೂಗು ಒರೆಸಿಕೊಳ್ಳುತ್ತ ಚಕ್ಕುಲಿ ತಿಂದರು. ಅಮ್ಮ ಮಾತಾಡುತ್ತಲೇ ಮಂಗಳಿಯ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಅಪ್ಪಾಜಿ ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಬರಲಿಲ್ಲ. ವಾರ್ಡನ್‌ಗೆ ಚಕ್ಕುಲಿ ಯಾರೂ ಕೊಡಲಿಲ್ಲ.

"ಸಾರ್," ಎಂದು ಕರೆದಳು ಮಂಗಳಿ. "ನಮ್ಮ ಅಪ್ಪಾಜಿ ಬರ್ಲಿಲ್ವಾ?"

ಅಪ್ಪಾಜಿ ಕಣ್ಣು ಪಿಳಿಪಿಳಿ ಬಿಟ್ಟರು. "ನಿಮ್ಮ ಅಪ್ಪಾಜಿಗೆ... ಅಂಗಡಿ ಐತಲ್ಲ."

"ಇವತ್ತು ಭಾನುವಾರ ಸಾರ್. ಅಂಗಡಿ ರಜ."

ಅಪ್ಪಾಜಿ ಸರಕ್ಕನೆ ಹೊರಟುಹೋದರು. ಸಿಟ್ಟು ಬಂತೇನೋ ಎಂದು ಮಂಗಳಿಗೆ ಭಯವಾಯಿತು.

ಬಹಳ ಹೊತ್ತಾದ ಮೇಲೆ ಬೀದಿ ಬಾಗಿಲ ಚಿಲಕ ಬಡಿದ ಸದ್ದಾಯಿತು.

ಅಪ್ಪಾಜಿ ಬಂದಿದ್ದರು. ಮುಖ ತೊಳೆದು ವಿಭೂತಿ ಹಚ್ಚಿಕೊಂಡಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕೈಯಲ್ಲಿ ಮಂಡಕ್ಕಿ ಕಟ್ಟಿಸಿದ ಪೇಪರಿನ ಪೊಟ್ಟಣ. ಅದರಿಂದ ಬಿಸಿ ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು.

"ಒಳಗೆ ಬರಬಹುದಾ?" ಎಂದರು.

ಯಾರು ಹೂಂ ಅನ್ನಬೇಕೋ ಯಾರಿಗೂ ಗೊತ್ತಾಗಲಿಲ್ಲ.

"ಆ ವಾರ್ಡನ್ ಎಲ್ಲೋ ಹೋಗ್ಯಾನೆ. ಜಲ್ದಿ ಬಾ," ಎಂದಳು ಅಜ್ಜಿ.

ಅಪ್ಪಾಜಿ ಚಾಪೆಯ ಅಂಚಿನಲ್ಲಿ, ಬೀಗರ ಮನೆಗೆ ಬಂದವರ ಹಾಗೆ ಮುದುರಿ ಕುಳಿತರು. "ಊಟಗೀಟ ಹೆಂಗೈತೆ?"

"ಸಾರು ನೀರು ಅಪ್ಪಾಜಿ."

"ಹೌದಾ? ವಾರ್ಡನ್‌ಗೆ ಹೇಳ್ತೀನಿ ತಗ." ಅವರು ಪೊಟ್ಟಣ ಬಿಚ್ಚಿದರು. ಮಂಡಕ್ಕಿಯನ್ನು ಅವಳ ಮುಂದೆ ಸರಿಸುತ್ತ, "ಎಷ್ಟು ಸಣ್ಣಾಗೀಯಲ್ಲೇ ಮಂಗಳಿ," ಎಂದರು. ಅವರ ದನಿ ಬೇರೆ ಯಾರದೋ ಹಾಗೆ ಕೇಳಿಸಿತು.

ಮಂಗಳಿ ಅವರನ್ನೇ ನೋಡಿದಳು. ಅವರು ಬಜ್ಜಿ ಮುರಿಯುತ್ತಿದ್ದರು, ಆದರೆ ತಿನ್ನುತ್ತಿರಲಿಲ್ಲ. ಬಜ್ಜಿ ಪುಡಿಪುಡಿಯಾಗಿತ್ತು. ಮಾವನ ಮಗ ರೇವಣಸಿದ್ದನಿಗೆ ತಡೆಯಲಾಗದೆ ಹೋದದ್ದು ಹಾಸ್ಟೆಲ್‌ಗೆ ಹೋದ ಮೇಲೆ. ಅಪ್ಪಾಜಿಗೆ ಮಾತ್ರ ಈಗಲೇ, ಇಲ್ಲೇ, ತನ್ನ ಎದುರಿಗೇ ಕುಳಿತು ಅಳು ಬರುತ್ತಿತ್ತು. ತಾನು ಎಲ್ಲಿಗೂ ಹೋಗಿಯೇ ಇರಲಿಲ್ಲ!

ಮುಂದೆ ನಿಜವಾಗಿಯೂ ಹಾಸ್ಟೆಲ್‌ಗೆ ಹೋಗುವ ದಿನ ಬಂದಾಗ ತಾನು ಹೇಗೋ ಇದ್ದೇನು ಎಂದುಕೊಂಡಳು ಮಂಗಳಿ. ಇವರು?

ಹೊರಗೆ ಬಿಸಿಲು ಇಳಿದಿತ್ತು. ನೋಡಲು ಬಂದವರು ಹೊರಡುವ ಹೊತ್ತಾಗಿತ್ತು. ಅಮ್ಮ ಚೀಲ ಮಡಚಿದಳು. ಅಪ್ಪಾಜಿ ಮಾತ್ರ ಏಳಲಿಲ್ಲ.

"ಅಪ್ಪಾಜಿ, ನಿಮ್ಮ ಬಸ್ಸು ಎಷ್ಟೊತ್ತಿಗೆ?" ಎಂದು ಮಂಗಳಿ ಮೆಲ್ಲಗೆ ಕೇಳಿದಳು.

ಅಪ್ಪಾಜಿ ಬಾಗಿಲ ಕಡೆ ನೋಡಿದರು. ನೆಲ ನೋಡಿದರು.

"ಹೋಯ್ತು ಕಾಣ್ತೈತೆ ಕಣಮ್ಮ."

"ಹಂಗಾದ್ರೆ ಇಲ್ಲೇ ಇದ್ಬಿಡ್ರಿ," ಎಂದಳು ಮಂಗಳಿ, ಅವರು ಸರಿಯಾಗಿ ಕುಳಿತುಕೊಳ್ಳಲೆಂದು ಚಾಪೆಯಲ್ಲಿ ಪಕ್ಕಕ್ಕೆ ಸರಿಯುತ್ತ.