ಅಮೆನ್‌ವಾನ ಮೊಳ

"ಕೈ ಇಡಬೇಡಿ ಧಣೀ!"

ಮುದುಕ ಹೆಕಾಯಿಬ್ ಕೂಗುವಷ್ಟರಲ್ಲಿ ಅಮೆನ್‌ವಾ ಕಂದಕದ ನೆಲಕ್ಕೆ ಮಂಡಿಯೂರಿ, ಮೊಳಕೈಯಿಂದ ಬೆರಳ ತುದಿಯವರೆಗೆ ಬಲಗೈಯನ್ನು ಕಲ್ಲಿಗೆ ಒತ್ತಿಯಾಗಿತ್ತು. ಎಡಗೈಯಲ್ಲಿ ಕೆಮ್ಮಣ್ಣು ಅದ್ದಿದ ಕುಂಚ. ಕೈಯ ಅಂಚು ಹಿಡಿದು ಸುತ್ತಲೂ ಗೆರೆ ಎಳೆದು ಮೇಲೆದ್ದ. ಕಗ್ಗಲ್ಲಿನ ಮೇಲೆ ಕೆಂಪು ಕೈಯೊಂದು ಐದೂ ಬೆರಳು ಚಾಚಿ ಮಲಗಿತ್ತು.

"ಏನಾಯ್ತೀಗ? ಕಲ್ಲು ಕಚ್ಚಿತೇನು?"

ಹೆಕಾಯಿಬ್ ನಾರುಬಟ್ಟೆಯಲ್ಲಿ ಸುತ್ತಿದ ಅಳತೆಕೋಲನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಹೊಳೆ ನಡುವಿನ ದ್ವೀಪದಲ್ಲಿರುವ ಖ್ನೂಮ್ ದೇವರ ಗುಡಿಯಿಂದ ಬೆಳಗ್ಗೆಯಷ್ಟೇ ತಂದ ಕೋಲು. "ನಮ್ಮಜ್ಜನ ಕಾಲದಿಂದ ಇದರಲ್ಲೇ ಅಳೀತಿದ್ದೀವಿ. ನಿಮ್ಮ ಕೈಕಾಲನ್ನ ಖ್ನೂಮ್ ಕುಂಬಾರನ ಹಾಗೆ ತಿಗರಿ ಮೇಲೆ ಅಳೆದು ಮಾಡಿದಾನೆ. ಆ ಅಳತೇನ ಕಲ್ಲಿಗೆ ಕೊಡಬಾರದು. ಇಲ್ಲಿ ನಾವು ಕೆಂಪು ಬಳಿಯೋದು ಕುಟ್ಟಿ ತೆಗೀಬೇಕಾದ ಜಾಗಕ್ಕೆ ಮಾತ್ರ. ಕೆಂಪು ಬಿದ್ದದ್ದು ಉಳಿಯಲ್ಲ ಧಣೀ."

"ಕೋಲಿಗಿಂತ ನನ್ನ ಕೈ ಎರಡು ಬೆರಳು ಉದ್ದ. ನಿನ್ನ ಖ್ನೂಮ್‌ಗೆ ನನ್ನ ಮೇಲೇ ಪ್ರೀತಿ ಜಾಸ್ತಿ ಇರಬೇಕು," ಎಂದು ಅಮೆನ್‌ವಾ ನಕ್ಕ.

ಆ ಎರಡು ಬೆರಳಿನಲ್ಲೇ ಅವನ ಲೆಕ್ಕಾಚಾರವೆಲ್ಲ ಇತ್ತು. ವಾಸೆತ್ ಪಟ್ಟಣದಿಂದ ಕಲ್ಲುಗಣಿಯ ಮೇಲ್ವಿಚಾರಕನಾಗಿ ಬಂದು ಅವನಿಗೆ ಹನ್ನೆರಡು ದಿನ. ಹೊಳೆ ಉಕ್ಕುವ ಹೊತ್ತಿಗೆ ಒಂದೇ ಕಲ್ಲಿನ ದೊಡ್ಡ ಕಂಬ ದೋಣಿ ಏರಬೇಕು. ತಪ್ಪಿದರೆ ಅವನ ಮೂಗು ಕೊಯ್ಯುತ್ತಾರೆ. ಕಂಬದ ಸುತ್ತ ತೋಡುವ ಕಂದಕದಲ್ಲಿ ಒಬ್ಬೊಬ್ಬ ಆಳಿಗೆ ಎರಡು ಮೊಳ ನೆಲ ಪಾಲು. ಹತ್ತು ದಿನಕ್ಕೆ ಅರ್ಧ ಗೇಣು ಆಳ ಇಳಿಸಿದವನಿಗೆ ರೊಟ್ಟಿ, ಹೆಂಡ. ಆ ಕಲ್ಲಿಗೆ ತಾಮ್ರದ ಉಳಿ ನಾಟುವುದಿಲ್ಲ. ತಲೆಗಾತ್ರದ ಕರಿ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕುಟ್ಟಬೇಕು. ಹುಡಿಯಾದದ್ದನ್ನು ಗುಡಿಸಿ ಮತ್ತೆ ಕುಟ್ಟಬೇಕು. ದಿನವಿಡೀ ಕುಟ್ಟಿದರೂ ಒಂದು ಬೆರಳಿನಷ್ಟು ಇಳಿದರೆ ಪುಣ್ಯ. ಈಗ ಅಮೆನ್‌ವಾನ ಮೊಳದಲ್ಲಿ ಪ್ರತಿಯೊಬ್ಬನ ಪಾಲೂ ನಾಲ್ಕು ಬೆರಳು ಹಿಗ್ಗಿತು. ರೊಟ್ಟಿ ಮಾತ್ರ ಅಷ್ಟೇ.

"ಪಟ್ಟಣದವರ ಕೈ ಉದ್ದ ಅಂತ ಕೇಳಿದ್ದೆ. ಇವತ್ತು ಅಳೆದೇ ತೋರಿಸಿಬಿಟ್ರು," ಎಂದ ಸೆನ್ಬಿ. ಮಂಡಿನೋವಿನ, ಬಾಯಿಬಡುಕ ಆಳು. ಕಂದಕದ ಉದ್ದಕ್ಕೂ ನಗು ಹರಿಯಿತು.

ಅಮೆನ್‌ವಾ ನಗಲಿಲ್ಲ. ಕಲ್ಲಿನಲ್ಲಿ ಕಪ್ಪು ನರ ಹಾಯ್ದ, ಎಲ್ಲಕ್ಕಿಂತ ಗಟ್ಟಿಯಾದ ಜಾಗ ಹುಡುಕಿ ಅಲ್ಲಿ ಕೈ ಒತ್ತಿ ಗೆರೆ ಎಳೆದ. "ಇದು ನಿನ್ನ ಪಾಲು. ಹಲ್ಲು ಕಿಸಿದುಕೊಂಡೇ ಕುಟ್ಟು."

ಒಂಬತ್ತನೆಯ ದಿನ ನೆತ್ತಿಯ ಬಿಸಿಲು ನೇರ ಕಂದಕಕ್ಕೆ ಇಳಿದಿತ್ತು. ಕುಟ್ಟಿದ ಕಲ್ಲಿನಿಂದ ಸುಟ್ಟ ಕೂದಲಿನ ವಾಸನೆ ಏಳುತ್ತಿತ್ತು. ಸೆನ್ಬಿಯ ನಾಲಿಗೆ ಊದಿಕೊಂಡು ಬಾಯಿ ತುಂಬಿತ್ತು. ಅವನ ಹೆಂಡತಿ ಇಪೂ ಆಳುಗಳಿಗೆ ನೀರು ಹೊರುವವಳು. ಕೊಡ ಬಗ್ಗಿಸಲು ಹೋದಾಗ ಅಮೆನ್‌ವಾನ ಉದ್ದನೆಯ ಕೈ ಅಡ್ಡ ಬಂತು.

"ಪಾಲು ಮುಗೀಲಿ. ಆಮೇಲೆ ನೀರು."

"ಒಂದೇ ಗುಟುಕು ಧಣೀ. ನಿಮ್ಮ ಕಾಲು ಹಿಡೀತೀನಿ."

"ಪಾಲು ಮುಗೀಲಿ ಅಂದೆನಲ್ಲ?"

ಸೆನ್ಬಿ ಗುಂಡುಕಲ್ಲನ್ನು ಇನ್ನೊಮ್ಮೆ ಎತ್ತಿದ. ಅದು ಬಿತ್ತು. ಅದರ ಮೇಲೆ ಅವನ ಹಣೆ ಬಿತ್ತು. ಮತ್ತೆ ಏಳಲಿಲ್ಲ.

ಎರಡು ದಿನದ ಮೇಲೆ ಇಪೂ ಕಂದಕಕ್ಕೆ ಬಂದಳು. ಕಣ್ಣು ಒಣಗಿತ್ತು. ಕಂಕುಳಲ್ಲಿ ಕೆಮ್ಮಣ್ಣು ಕಲಸಿದ ಕೆಂಪು ಗಡಿಗೆ.

"ನನ್ನ ಗಂಡನ ಪಾಲು ಉಳಿದಿದೆ ಧಣೀ. ಅವನ ರೊಟ್ಟಿ ನನಗೆ ಕೊಡೋದಾದ್ರೆ ನಾನು ಮುಗಿಸ್ತೀನಿ."

ಅಮೆನ್‌ವಾ ಅವಳ ತೋಳು ನೋಡಿದ. ನೀರು ಹೊತ್ತು ಗಟ್ಟಿಯಾದ ತೋಳು. "ಕುಟ್ಟು. ಕಲ್ಲಿಗೇನು, ಗಂಡು ಹೆಣ್ಣು ಗೊತ್ತಾಗುತ್ತಾ?"

"ಗೆರೆ ಮಾಸಿಹೋಗಿದೆ. ಇನ್ನೊಂದ್ಸಲ ಕೈ ಇಟ್ಟು ಬರೀರಿ. ಆಮೇಲೆ ಹೆಂಗಸು ಅಳತೇಲಿ ಮೋಸ ಮಾಡಿದ್ಲು ಅನ್ನಬಾರದು."

ಅವನು ಮಂಡಿಯೂರಿದ. ಇಪೂ ಗಡಿಗೆ ಹಿಡಿದು ಪಕ್ಕದಲ್ಲಿ ಕೂತಳು. "ಎಂಥಾ ಕೈ! ರಾಜರ ಮನೇಲಿ ಇರಬೇಕಾದ ಕೈ. ಇಂಥ ಮಗನ್ನ ಹೆತ್ತವಳ ಹೆಸರೇನು ಧಣೀ?"

"ನುಬೆತ್," ಎಂದ ಅಮೆನ್‌ವಾ, ಹೆಮ್ಮೆಯಿಂದ, ತಲೆಯೆತ್ತದೆ.

ಹಿಂದುಗಡೆ ಹೆಕಾಯಿಬ್‌ನ ಕೈಯಿಂದ ಗುಂಡುಕಲ್ಲು ಜಾರಿತು. ಮೂವತ್ತು ಆಳುಗಳೂ ಕುಟ್ಟುವುದನ್ನು ನಿಲ್ಲಿಸಿದರು. ಆ ಸೀಮೆಯಲ್ಲಿ ಮಾಟಕ್ಕೆ ಬೇಕಾದ್ದು ಎರಡೇ: ಮೈಯ ಅಳತೆ, ಹೆತ್ತವಳ ಹೆಸರು. ಎರಡನ್ನೂ ಅವಳು ಕೇಳಿದ ಕೂಡಲೇ ಅವನು ಕೊಟ್ಟುಬಿಟ್ಟಿದ್ದ.

ಅವನು ಏಣಿ ಹತ್ತುತ್ತಿದ್ದಾಗ ಕೆಳಗೆ ಗಡಿಗೆ ಒಡೆದ ಸದ್ದು ಕೇಳಿತು. ಆಮೇಲೆ ಪಿಸುಮಾತು. "ನುಬೆತ್‌ಳ ಮಗ ಅಮೆನ್‌ವಾ." ಆಮೇಲೆ ಒಂದು ಪೆಟ್ಟು.

ಏಣಿಯ ಮೆಟ್ಟಿಲು ಹಿಡಿದಿದ್ದ ಬಲಗೈ ತಾನಾಗಿ ಬಿಚ್ಚಿಕೊಂಡಿತು.

ಮರುದಿನ ಅವನು ಮಲಗಿ ಎದ್ದಾಗ ಚಾಪೆಯ ಮೇಲೆ ಬೂದುಬಣ್ಣದ ಹುಡಿ ಇತ್ತು. ಗಾಳಿ ತಂದ ಧೂಳೆಂದು ಕೊಡವಿದ. ನಡುಬೆರಳಿನ ತುದಿ ಬೆಳ್ಳಗಾಗಿತ್ತು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಕಂದಕದಲ್ಲಿ ಕೆಲಸ ಶುರುವಾದದ್ದೇ ತಡ, ಅದೇ ಬೆರಳಿನೊಳಗೆ ಯಾರೋ ಮೂಳೆಯನ್ನು ಜಜ್ಜುತ್ತಿರುವಂತೆ ನೋವು. ಆಳುಗಳು ಹೆಂಡ ಕುಡಿಯಲು ಕೂತಾಗ ನೋವು ನಿಂತಿತು. ಮತ್ತೆ ಕುಟ್ಟಿದಾಗ ಮತ್ತೆ ಬಂತು. ಮೂವತ್ತೂ ಜನರ ಪೆಟ್ಟು ಒಂದೇ ತಾಳಕ್ಕೆ ಬೀಳುತ್ತಿದ್ದರೂ ಇಪೂಳ ಪೆಟ್ಟು ಯಾವುದೆಂದು ಅವನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ.

ನಾಲ್ಕನೆಯ ದಿನ ಉಗುರುಗಳು ಉದುರಿದವು. ರಕ್ತ ಬರಲಿಲ್ಲ. ಐದನೆಯ ದಿನ ಕಿರುಬೆರಳು ಬಾಗಿಲಿಗೆ ತಾಗಿ, ಒಣರೊಟ್ಟಿಯ ಹಾಗೆ ಮುರಿದು, ನೆಲಕ್ಕೆ ಬಿದ್ದು ಪುಡಿಯಾಯಿತು. ಅಮೆನ್‌ವಾ ಆ ಪುಡಿಯನ್ನು ಎಡಗೈಯಲ್ಲಿ ಗೋರಿಕೊಂಡು ಮೂಸಿದ. ಸುಟ್ಟ ಕೂದಲಿನ ವಾಸನೆ.

ಅವನು ಹೆಕಾಯಿಬ್‌ನ ಗುಡಿಸಲಿಗೆ ಓಡಿದ. ಬಟ್ಟೆ ಸುತ್ತಿದ ಕೈ ಮುಂದೆ ಚಾಚಿದ.

"ನಿಲ್ಲಿಸೋ ದಾರಿ ಹೇಳು ಅಜ್ಜಾ. ಆ ಪಾಲಿನ ಕೆಲಸ ನಿಲ್ಲಿಸಿದ್ರೆ ನನ್ನ ಮೂಗು ಹೋಗುತ್ತೆ. ನಿಲ್ಲಿಸದಿದ್ರೆ ಕೈ ಹೋಗುತ್ತೆ."

ಮುದುಕ ಈರುಳ್ಳಿ ಸುಲಿಯುವುದನ್ನು ಬಿಟ್ಟು ಅವನನ್ನೇ ನೋಡಿದ. ಆ ನೋಟದಲ್ಲಿ ಕನಿಕರವೂ ಇತ್ತು. "ಗೆರೆಯ ಕೆಮ್ಮಣ್ಣು ಅವಳದ್ದು. ಅವಳೇ ಅಳಿಸಬೇಕು. ಹೋಗಿ ಕೇಳಿ. ಸೆನ್ಬಿ ಹೆಸರು ಹೇಳಿ ತಪ್ಪಾಯ್ತು ಅನ್ನಿ. ಒಳ್ಳೆ ಹೆಂಗಸು ಅದು. ಅತ್ತರೂ ಅತ್ತಾಳು, ಅಳಿಸಿಬಿಡ್ತಾಳೆ."

"ನೀರು ಹೊರೋಳ ಕಾಲಿಗೆ ನಾನು ಬೀಳಬೇಕಾ?"

"ಕೈ ನಿಮ್ಮದು ಧಣೀ," ಎಂದ ಮುದುಕ, ಮತ್ತೆ ಈರುಳ್ಳಿ ಎತ್ತಿಕೊಂಡ.

ಅಮೆನ್‌ವಾ ಕಾಲಿಗೆ ಬೀಳಲಿಲ್ಲ. ಆಳುಗಳೆಲ್ಲ ನೆರಳಿಗೆ ಹೋಗುವ ನಡುಹಗಲು ಕಾದ. ಒಂದು ತೊಗಲುಚೀಲದ ತುಂಬ ನೀರು, ಒಂದು ಬಟ್ಟೆ ತೆಗೆದುಕೊಂಡು ಒಬ್ಬನೇ ಕಂದಕಕ್ಕೆ ಇಳಿದ. ಕೆಂಪು ಕೈ ಕಪ್ಪು ನರದ ಮೇಲೆ ಹಾಗೇ ಇತ್ತು. ಬೆರಳುಗಳ ಜಾಗದಲ್ಲಿ ಕುಳಿ, ಅಷ್ಟರಲ್ಲಿ ಅವನ ಬಲಗೈಯಲ್ಲೂ ಉಳಿದ ಬೆರಳುಗಳು ಉದುರಿದ್ದವು. ಅಂಗೈ ಇನ್ನೂ ಉಳಿದಿತ್ತು.

ನೀರು ಸುರಿದು ಉಜ್ಜಿದ. ಗೆರೆ ಕರಗಿತು. ಕರಗಿ ಅಗಲವಾಯಿತು. ಇನ್ನಷ್ಟು ಸುರಿದ. ಕಲ್ಲು ನೀರನ್ನೆಲ್ಲ ಹೀರಿ ಬಣ್ಣವನ್ನು ಮಾತ್ರ ಮೇಲೆ ಬಿಟ್ಟಿತು. ಬಟ್ಟೆ ಕೆಂಪಾಯಿತು. ಎಡಗೈ ಕೆಂಪಾಯಿತು. ಹಣೆಯ ಬೆವರು ಒರೆಸಿಕೊಂಡ. ಮುಖ ಕೆಂಪಾಯಿತು. ಅರಿವೆಗೆ ಕೈ ಒರೆಸಿದ. ತೊಡೆ ಕೆಂಪಾಯಿತು. ಗಡಿಗೆಯಷ್ಟು ಕೆಮ್ಮಣ್ಣಿನಲ್ಲಿ ಇಷ್ಟು ಬಣ್ಣ ಎಲ್ಲಿತ್ತು? ಎದೆಯ ಮೇಲೆ ಅದು ತಾನಾಗಿ ಹರಿಯುತ್ತಿತ್ತು. ಮೇಲಕ್ಕೆ. ಕತ್ತಿನ ಕಡೆಗೆ.

ಚೀಲ ಬರಿದಾಗಿತ್ತು.

ನೆರಳೊಂದು ಅವನ ಮೇಲೆ ಬಿತ್ತು. ಕಂದಕದ ಅಂಚಿನಲ್ಲಿ ಇಪೂ ನಿಂತಿದ್ದಳು. ತಲೆಯ ಮೇಲೆ ತುಂಬಿದ ಕೊಡ.

"ನೀರು," ಎಂದ ಅಮೆನ್‌ವಾ. "ನೀರು ಹಾಕು ತಾಯಿ. ತೊಳ್ಕೋತೀನಿ. ಕಾಲಿಗೆ ಬೀಳ್ತೀನಿ. ಸೆನ್ಬಿ... ತಪ್ಪಾಯ್ತು. ತಪ್ಪಾಯ್ತು!"

ಅವಳು ಕೊಡವನ್ನು ಮೆಲ್ಲಗೆ ಇಳಿಸಿ, ಚೆಲ್ಲದಂತೆ ಕಲ್ಲು ಒತ್ತುಕೊಟ್ಟು ನಿಲ್ಲಿಸಿದಳು. ಏಣಿ ಇಳಿದು ಬಂದಳು. ಗಂಡನ ಗುಂಡುಕಲ್ಲನ್ನು ಎತ್ತಿಕೊಂಡಳು.

"ಪಾಲು ಮುಗೀಲಿ ಧಣೀ. ಆಮೇಲೆ ನೀರು."

ಅವನು ಏಣಿಗೆ ಹಾರಿದ. ಬಲಗೈಯಲ್ಲಿ ಹಿಡಿಯಲು ಬೆರಳಿರಲಿಲ್ಲ, ಎಡಗೈ ಕೆಂಪಿನಲ್ಲಿ ನುಣ್ಣಗಾಗಿತ್ತು. ಜಾರಿದ. ಅವಳು ಅವನನ್ನು ಮುಟ್ಟಲಿಲ್ಲ. ಕಪ್ಪು ನರದ ಮೇಲೆ ಕುಟ್ಟಿದಳು. ಅವನ ಮಂಡಿ ಕುಸಿಯಿತು. ಕುಟ್ಟಿದಳು. ಎದೆಯೊಳಗೆ ಏನೋ ಬಿರಿಯಿತು. ಕೂಗಲು ಬಾಯಿ ತೆರೆದ. ಬಾಯಿಂದ ಹುಡಿ ಬಂತು. ಕುಟ್ಟಿದಳು. ಕುಟ್ಟಿದಳು. ಕುಟ್ಟಿದಳು.

ಊಟ ಮುಗಿಸಿ ಆಳುಗಳು ಬಂದಾಗ ಇಪೂ ಬೂದುಬಣ್ಣದ ಹುಡಿಯನ್ನು ಬುಟ್ಟಿಗೆ ಗುಡಿಸುತ್ತಿದ್ದಳು. ದಿನದ ಹುಡಿಗಿಂತ ಮೂರು ಬುಟ್ಟಿ ಹೆಚ್ಚಾಗಿತ್ತು. ಇಬ್ಬರು ಬುಟ್ಟಿ ಹೊತ್ತು ಕಲ್ಲುಪುಡಿಯ ಗುಡ್ಡೆಗೆ ಸುರಿದು ಬಂದರು. ಗಾಳಿ ಅರ್ಧದಷ್ಟನ್ನು ಹೊಳೆಯ ಕಡೆಗೆ ಕೊಂಡೊಯ್ದಿತು.

ಹೆಕಾಯಿಬ್ ನಾರುಬಟ್ಟೆ ಬಿಚ್ಚಿ ಅಳತೆಕೋಲು ಇಳಿಸಿದ. ಸರಿಯಾಗಿ ಅರ್ಧ ಗೇಣು.

"ಪಾಲು ಮುಗೀತಲ್ಲ ಅಜ್ಜಾ? ನಮ್ಮೋನ ರೊಟ್ಟಿ ಕೊಡಿ," ಎಂದು ಇಪೂ ಕೈ ಚಾಚಿದಳು.

ಅವಳ ಅಂಗೈ ಕೆಂಪಾಗಿತ್ತು. ಅವಳೂ ಆಗಷ್ಟೇ ನೋಡಿಕೊಂಡದ್ದು. ಸೊಂಟಕ್ಕೆ ಸುತ್ತಿದ ಬಟ್ಟೆಗೆ ಉಜ್ಜಿದಳು. ಕೊಡದ ನೀರನ್ನೆಲ್ಲ ಸುರಿದು ತಿಕ್ಕಿದಳು. ಕೆಂಪು ಮಣಿಕಟ್ಟು ದಾಟಿತು.

ಮುದುಕ ಆ ಕೈಯ ಮೇಲೆ ಎರಡು ರೊಟ್ಟಿ ಇಟ್ಟ. ಒಂದು ಸೆನ್ಬಿಯದು. ಇನ್ನೊಂದು ತನ್ನದು.

"ಬೇಗ ತಿನ್ನು ಮಗಳೇ," ಎಂದು ಬೇರೆ ಕಡೆ ಮುಖ ತಿರುಗಿಸಿದ.