ಚೀಟಿಯಲ್ಲಿ ಖಾಲಿ ಬಿಟ್ಟ ಸಾಲು

"ಗುಡ್ ಮಾರ್ನಿಂಗ್ ಮೇಡಂ!"

ಡ್ರೈವರು ಸ್ಟೇರಿಂಗ್ ಮೇಲಿಂದ ಒಂದು ಕೈಯೆತ್ತಿ ಸಲಾಮು ಹೊಡೆದ. ಕಾಲರ್ ಹೊಲಿಯುವ ಹುಡುಗಿ ಕಿಲಕಿಲ ನಗುತ್ತಾ ವ್ಯಾನ್ ಹತ್ತಿ, ಅವನ ಪಕ್ಕದ ಸೀಟಿನಲ್ಲೇ ಕೂತಳು. ಹಿಂದೆ ಕಿಟಕಿ ಪಕ್ಕ ಕೂತಿದ್ದವಳ ಹೊಟ್ಟೆಗೆ ಬೆಂಕಿ ಬಿತ್ತು.

ಬಟ್ಟೆ ಫ್ಯಾಕ್ಟರಿಯಲ್ಲಿ ಅವಳದು ಚೆಕ್ಕಿಂಗ್ ಟೇಬಲ್. ಹೊಲಿದು ಬಂದ ಶರ್ಟುಗಳಲ್ಲಿ ತಪ್ಪು ಹುಡುಕಿ, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ‘ಚೆಕ್ಕಿಂಗ್’. ಮೂರು ವಾರದಿಂದ ಮಾತ್ರ ಆ ಕಣ್ಣಿಗೆ ಡ್ರೈವರನದೇ ಚೆಕ್ಕಿಂಗ್.

ನಡೆದದ್ದು ಇಷ್ಟು. ಹಳೆಯ ಡ್ರೈವರು "ಏ, ಹತ್ರೇ ಬೇಗ!" ಎಂದು ಹನ್ನೊಂದು ಜನ ಹೆಂಗಸರನ್ನೂ ದಿನಾ ಗದರುತ್ತಿದ್ದ. ಒಂದು ದಿನ ಗುಂಡಿ ಹೊಲಿಯುವ ಬಟನ್ ಅಕ್ಕ ಬಾಗಿಲಿಗೆ ಅಡ್ಡ ನಿಂತು, "ಕುರಿ ತುಂಬ್ತಿದ್ದೀಯೇನಪ್ಪಾ?" ಎಂದಳು. ಅವತ್ತು ಒಬ್ಬರೂ ಗಾಡಿ ಹತ್ತಲಿಲ್ಲ. ಫ್ಯಾಕ್ಟರಿಯವರು ಡ್ರೈವರನ್ನೇ ಬದಲಾಯಿಸಿದರು. ಹೊಸಬ ಬಂದ ಮೊದಲ ದಿನವೇ ಹಿಂದೆ ತಿರುಗಿ ಕೇಳಿದನಂತೆ, "ನಿಮ್ಮನ್ನ ಹೇಗೆ ಕರೀಲಿ, ನೀವೇ ಹೇಳ್ಬಿಡಿ. ಲೇಡೀಸ್ ಅಂದ್ರೆ ಬಸ್ಸಿನ ಸೀಟು ನೆನಪಾಗುತ್ತೆ. ತಾಯಂದಿರೇ ಅಂದ್ರೆ ಭಾಷಣ ಆಗೋಗುತ್ತೆ."

"ನಂಗೆ ಅಕ್ಕ ಅನ್ನು. ಅಮ್ಮ ಅಂದ್ಯೋ, ನೋಡ್ಕೋ," ಅಂದಳಂತೆ ಬಟನ್ ಅಕ್ಕ.

"ನಂಗೆ ಮೇಡಂ. ಜನ್ಮದಲ್ಲಿ ಒಬ್ರೂ ಹಾಗೆ ಕರೆದಿಲ್ಲ," ಅಂದಳಂತೆ ಕಾಲರ್ ಹುಡುಗಿ.

ಅವನು ಎಲ್ಲವನ್ನೂ ರಟ್ಟಿನ ಚೀಟಿಯಲ್ಲಿ ಬರೆದುಕೊಂಡು ಕನ್ನಡಿಯ ಪಕ್ಕ ಸಿಕ್ಕಿಸಿದ. ಎಲ್ಲರಿಗೂ ಒಟ್ಟಿಗೆ ಹೇಳುವಾಗ "ಎಲ್ಲರಿಗೂ ನಮಸ್ಕಾರ, ಕೂತ್ಕೊಂಡ್ರಾ? ಹೊರಡೋಣ್ವಾ?" ಅಂದರೆ ಸಾಕು ಎಂದು ತೀರ್ಮಾನವಾಯಿತು.

ಆ ದಿನವೇ ಚೆಕ್ಕಿಂಗ್ ಜ್ವರ ಬಂದು ಮಲಗಿದ್ದಳು. ಹಾಳು ಜ್ವರಕ್ಕೆ ಬೇರೆ ದಿನ ಸಿಗಲಿಲ್ಲವೇ!

ಕೆಲಸಕ್ಕೆ ಬಂದ ಮೇಲೆ ತನ್ನನ್ನೂ ಕೇಳುತ್ತಾನೆ ಎಂದುಕೊಂಡಳು. ಕೇಳಲಿಲ್ಲ. ಮೊದಲ ಸ್ಟಾಪು ಅವಳದು. ಹತ್ತು ನಿಮಿಷ ಗಾಡಿಯಲ್ಲಿ ಇಬ್ಬರೇ. "ಬನ್ನಿ," ಎನ್ನುತ್ತಿದ್ದ, ಅಷ್ಟೇ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕರೆ ತಟಕ್ಕನೆ ರಸ್ತೆ ನೋಡುತ್ತಿದ್ದ. ಅವನ ಹಸಿರು ಶರ್ಟಿನ ಕಾಲರು ಎಡಗಡೆ ಅರ್ಧ ಇಂಚು ಹೊಲಿಗೆ ಬಿಟ್ಟಿರುವುದು, ನಗು ತಡೆದಾಗ ಅವನ ಕಿವಿ ಕೆಂಪಾಗುವುದು, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಎರಡನೇ ಸ್ಟಾಪು ಬಂದದ್ದೇ ತಡ, ಈ ಮೂಕನಿಗೆ ಎಲ್ಲಿಂದ ಬರುತ್ತಿತ್ತೋ ಮಾತು! ಅಕ್ಕನಿಗೆ ನಮಸ್ಕಾರ, ಮೇಡಂಗೆ ಸಲಾಮು. ನಾನೇನು ಈ ಗಾಡಿಯ ಸ್ಟೆಪ್ನಿಯಾ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಸಂಜೆ ಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಿಗೆ ಅತ್ತಿಗೆ ಒಳಗೆ ಬಂದಳು.

"ಯಾರ ಮೇಲೇ ಸಿಟ್ಟು? ಪಾತ್ರೆ ಏನ್ ಮಾಡ್ತು ಪಾಪ?"

"ಯಾರ ಮೇಲೂ ಇಲ್ಲ ಅತ್ತಿಗೆ."

"ಹಾಗಾದ್ರೆ ಡ್ರೈವರ್ ಮೇಲೆ. ದಿನಾ ಅವನದೇ ತಾನೇ ಮಾತು," ಎಂದು ಅತ್ತಿಗೆ ಪಾತ್ರೆ ಕಿತ್ತುಕೊಂಡು ಹೋದಳು.

ಮಾರನೇ ಬೆಳಿಗ್ಗೆ, ಎರಡನೇ ಸ್ಟಾಪಿಗೆ ಮುಂಚೆ, ಟೈರಿಗೆ ಗಾಳಿ ಹಾಕಿಸಲು ಅವನು ಇಳಿದ. ಅವಳು ಎದ್ದು ಹೋಗಿ ಚೀಟಿ ತೆಗೆದಳು. ಹತ್ತು ಸಾಲು ತುಂಬಿದ್ದವು. ಹನ್ನೊಂದನೆಯದರಲ್ಲಿ ‘ಚೆಕ್ಕಿಂಗ್’ ಎಂದು ಬರೆದು ಮುಂದೆ ಖಾಲಿ. ಮೂರು ವಾರ ಖಾಲಿ! ಅಂದರೆ ಒಂದು ಕರೆಗೂ ಬೆಲೆಯಿಲ್ಲದವಳು ತಾನು. ಸಿಟ್ಟು ನೆತ್ತಿಗೇರಿತು. ಬ್ಯಾಗಿನಿಂದ ಪೆನ್ಸಿಲ್ ತೆಗೆದು ಆ ಜಾಗದಲ್ಲಿ ದಪ್ಪಗೆ ‘ಅಕ್ಕ’ ಎಂದು ಗೀಚಿ, ಚೀಟಿಯನ್ನು ಇದ್ದಲ್ಲೇ ಸಿಕ್ಕಿಸಿ ಬಂದು ಕೂತಳು. ಕರೀಲಿ, ನೋಡೇಬಿಡೋಣ.

ಮರುದಿನ ಅವನು ಕರೆದ.

"ನಮಸ್ಕಾರ... ಅಕ್ಕ."

ದನಿ ಬಾವಿಯೊಳಗಿಂದ ಬಂದಂತಿತ್ತು. ಮುಖ ಬಾಡಿತ್ತು. ಹತ್ತು ನಿಮಿಷದಲ್ಲಿ ಒಮ್ಮೆಯೂ ಕನ್ನಡಿ ನೋಡಲಿಲ್ಲ. ಅಯ್ಯೋ, ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳಲ್ಲ! ಅಕ್ಕನನ್ನು ಯಾರಾದರೂ ಕದ್ದು ನೋಡುತ್ತಾರೆಯೇ?

"ಯಾಕೆ ಡ್ರೈವರ್ರೇ, ಮೈ ಹುಷಾರಿಲ್ವಾ?" ಎರಡನೇ ಸ್ಟಾಪಿನಲ್ಲಿ ಕಾಲರ್ ಹುಡುಗಿ ಅವನ ಕಡೆ ಬಾಗಿ ಕೇಳಿದಳು. ಅಷ್ಟು ಹತ್ತಿರ ಬಾಗುವ ಅಗತ್ಯವೇನಿತ್ತು? ಚೆಕ್ಕಿಂಗ್ ಕಿಟಕಿಯಾಚೆ ನೋಡಿದಳು. ಕಣ್ಣು ತುಂಬಿತ್ತು. ಅವನು ಕೈತಪ್ಪಿ ಹೋದ, ಅದೂ ತಾನೇ ಮಾಡಿಕೊಂಡದ್ದರಿಂದ.

ಮಾರನೇ ದಿನ ಅವಳು ಹಿಂದಿನ ಸೀಟಿಗೆ ಹೋಗಲಿಲ್ಲ. ಸೀದಾ ಮುಂದೆ, ಮೇಡಂ ಜಾಗದಲ್ಲೇ ಕೂತಳು. ಚೀಟಿ ತೆಗೆದು, ‘ಅಕ್ಕ’ನ ಪಕ್ಕ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಅವನ ಮುಂದೆ ಹಿಡಿದಳು.

"ಏನಿದು?"

"ಡಿಫೆಕ್ಟ್. ಬಿಚ್ಚಿ ಮತ್ತೆ ಹೊಲೀಬೇಕು."

"ಬರೆದಿದ್ದು ನೀವೇ ಅಲ್ವಾ?"

"ನಾನೇ. ಹೊಟ್ಟೆಕಿಚ್ಚಿಗೆ ಬರೆದೆ. ಎಲ್ಲರನ್ನೂ ಕೇಳಿದ್ರಿ, ನನ್ನ ಯಾಕೆ ಕೇಳ್ಲಿಲ್ಲ?"

ಅವನು ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿದ. ಕಿವಿ ಕೆಂಪಗಾಗಿತ್ತು.

"ಹತ್ತು ಜನರನ್ನ ಕೇಳಿದೆ. ಎಂಟು ಜನ ಅಕ್ಕ ಅನ್ನು, ತಂಗಿ ಅನ್ನು ಅಂದ್ರು. ನಿಮ್ಮ ಬಾಯಲ್ಲೂ ಅದೇ ಬಂದ್ರೆ? ನೀವು ಹೇಳಿದ ಹಾಗೇ ಕರೀತೀನಿ ಅಂತ ಮಾತು ಕೊಟ್ಟಾಗಿತ್ತು. ಅದಕ್ಕೇ ಕೇಳೋಕೆ ಭಯ."

"ಮೇಡಂಗೆ ಸಲಾಮು ಹೊಡೆಯೋಕೆ ಭಯ ಇಲ್ವಾ?"

"ಅವರು ಏನಂತ ಕರೀ ಅಂದ್ರೂ ನಂಗೆ ನಿದ್ದೆ ಬರುತ್ತೆ ಕಣ್ರೀ. ಮೊನ್ನೆ ನಿಮ್ಮ ‘ಅಕ್ಕ’ ಓದಿದ್ಮೇಲೆ ಎರಡು ದಿನದಿಂದ ಕಣ್ಣು ಮುಚ್ಚಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಈಗ ಕೇಳಿ."

"ನಿಮ್ಮನ್ನ... ಏನಂತ ಕರೀಲಿ?"

"ಹೆಸರು ಹಿಡಿದು. ಹಿಂದೆ ಮುಂದೆ ಏನೂ ಬೇಡ. ನಂಗೆ ನೀವಂದ್ರೆ ಇಷ್ಟ."

ಅವನು ಮೆಲ್ಲಗೆ ಅವಳ ಹೆಸರು ಹೇಳಿದ. ಬಾಯಿಗೆ ರುಚಿ ಹತ್ತಿದವನಂತೆ ಇನ್ನೊಮ್ಮೆ ಹೇಳಿದ.

ಎರಡನೇ ಸ್ಟಾಪಿನಲ್ಲಿ ಕಾಲರ್ ಹುಡುಗಿ ಬಾಗಿಲಲ್ಲೇ ನಿಂತಳು. "ಅದು ನನ್ನ ಸೀಟು!"

"ಇವತ್ತಿಂದ ಹಿಂದೆ ಕೂತ್ಕೋ," ಎಂದಳು ಚೆಕ್ಕಿಂಗ್.

"ಗುಡ್ ಮಾರ್ನಿಂಗ್ ಮೇಡಂ!" ಎಂದು ಅವನು ಎಂದಿನಂತೆ ಸಲಾಮು ಹೊಡೆದ. ಚೆಕ್ಕಿಂಗ್ ಅವನ ಕಡೆ ಬಾಗಿದಳು. "ಆ ಕೈ ಸ್ವಲ್ಪ ಕೆಳಗಿರ್ಲಿ," ಎಂದು ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಎಲ್ಲರಿಗೂ ನಮಸ್ಕಾರ, ಕೂತ್ಕೊಂಡ್ರಾ?" ಎಂದು ಹತ್ತಿದವರಿಗೆಲ್ಲ ಹೇಳಿದವನು, ಪಕ್ಕಕ್ಕೆ ತಿರುಗಿ ಅವಳ ಹೆಸರು ಹಿಡಿದು, "ನೀನೂ ಸರಿಯಾಗಿ ಕೂತ್ಕೊಂಡ್ಯಾ?" ಎಂದ.

ಬಟನ್ ಅಕ್ಕ ಎದ್ದು ನಿಂತಳು. "ಏನಪ್ಪಾ ಇದು? ನಮಗೆಲ್ಲ ನಮಸ್ಕಾರ, ಅವಳಿಗೆ ಮಾತ್ರ ನೀನು, ಬರೀ ಹೆಸರು! ಎಲ್ಲರನ್ನೂ ಕರ್ಕೊಂಡು ಇಳಿದುಬಿಡ್ಲಾ?"

ಚೆಕ್ಕಿಂಗ್ ಸೀಟಿನ ಮೇಲಿಂದ ಹಿಂದೆ ತಿರುಗಿದಳು. "ಕೂತ್ಕೊಳಿ ಅಕ್ಕ," ಎಂದಳು. "ಎಲ್ಲರಿಗೂ ಸಿಗೋ ಮರ್ಯಾದೆ ನಂಗೂ ಸಿಕ್ತು. ಇದೊಂದು ನನ್ನೊಬ್ಬಳಿಗೇ ಇರ್ಲಿ."